ಊಹಿಸುವ ಯಂತ್ರ, ನಂಬಿಸುವ ಕನ್ನಡಕ

ನೆಲದ ಮೇಲೆ ಒಂದು ಮರದ ಹಲಗೆ ಹಾಕಿ, ಅದರ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ ಎಂದರೆ ಯಾರೂ ಹಿಂಜರಿಯುವುದಿಲ್ಲ. ಅದೇ ವ್ಯಕ್ತಿಗೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಎಂಬ, ಕಣ್ಣನ್ನು ಪೂರ್ತಿ ಮುಚ್ಚುವ ಪರದೆಯ ಕನ್ನಡಕ ತೊಡಿಸಿ, ಆ ಹಲಗೆ ಮೂವತ್ತನೆಯ ಮಹಡಿಯ ಅಂಚಿನಿಂದ ಬಯಲಿಗೆ ಚಾಚಿಕೊಂಡಿರುವಂತೆ ತೋರಿಸಿದರೆ ಕಥೆಯೇ ಬೇರೆ. ಮೊಣಕಾಲು ನಡುಗುತ್ತದೆ, ಅಂಗೈ ಬೆವರುತ್ತದೆ. ಕೆಲವರು ಎರಡನೆಯ ಹೆಜ್ಜೆ ಇಡಲು ಒಪ್ಪುವುದೇ ಇಲ್ಲ. ತಾವು ಕೋಣೆಯೊಳಗೆ ಗಟ್ಟಿ ನೆಲದ ಮೇಲಿದ್ದೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಕಾಲು ಮಾತು ಕೇಳುವುದಿಲ್ಲ.

ಇನ್ನೊಂದು ಪ್ರಸಂಗ ಹಳೆಯದು. ಅಮೆರಿಕದ ಎಂಐಟಿಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ 'ಎಲಿಜಾ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಪ್ರಕಟಿಸಿದರು. ನಾವು ಬರೆದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. 'ನನಗೆ ಬೇಸರವಾಗಿದೆ' ಎಂದರೆ 'ಏಕೆ ಬೇಸರವಾಗಿದೆ?' ಎನ್ನುವ ಮಟ್ಟದ್ದು. ಅದನ್ನು ಅವರು ಕಟ್ಟುತ್ತಿದ್ದುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿ, ಒಮ್ಮೆ ಅದರೊಡನೆ ಮಾತಿಗೆ ಕುಳಿತರು. ನಾಲ್ಕು ಮಾತು ಆಗುವಷ್ಟರಲ್ಲಿ, ದಯವಿಟ್ಟು ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿದರು! ತಮ್ಮ ಮಾತು ಖಾಸಗಿಯಾಗಿರಬೇಕು ಎಂದು ಅವರಿಗೆ ಅನ್ನಿಸಿತ್ತು.

ಮೊದಲ ಪ್ರಸಂಗದಲ್ಲಿ ಮೋಸಹೋದದ್ದು ದೇಹ, ಎರಡನೆಯದರಲ್ಲಿ ಮನಸ್ಸು. ದೇಹವನ್ನು ನಂಬಿಸುವ ವಿದ್ಯೆಗೆ ವರ್ಚುವಲ್ ರಿಯಾಲಿಟಿ ಅಥವಾ ಚಿಕ್ಕದಾಗಿ ವಿಆರ್ ಎಂದು ಹೆಸರು. ಮನುಷ್ಯನಂತೆ ಉತ್ತರಿಸುವ ವಿದ್ಯೆ ಕೃತಕ ಬುದ್ಧಿಮತ್ತೆಯ, ಅಂದರೆ ಎಐನ, ಒಂದು ಕವಲು. ಇಷ್ಟು ವರ್ಷ ಬೇರೆ ಬೇರೆ ದಾರಿಯಲ್ಲಿ ಬೆಳೆದ ಇವು ಈಗ ಒಂದರೊಳಗೊಂದು ಸೇರಿಕೊಳ್ಳುತ್ತಿವೆ. ಅದರಿಂದ ಏನು ಬದಲಾಗಬಹುದು ಎಂದು ತಿಳಿಯಲು ಮೊದಲು ಇವೆರಡರ ಒಳಗುಟ್ಟು ಗೊತ್ತಿರಬೇಕು.

ಮುಂದಿನ ಪದ ಯಾವುದು?

'ಕೃತಕ ಬುದ್ಧಿಮತ್ತೆ' ಎಂಬ ಹೆಸರನ್ನು ಜಾನ್ ಮೆಕಾರ್ಥಿ ಮತ್ತು ಸಂಗಡಿಗರು 1955ರಲ್ಲಿ ಬಳಕೆಗೆ ತಂದರು. ಮರುವರ್ಷ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಬೇಸಿಗೆ ಕಾರ್ಯಾಗಾರದಿಂದ ಅದು ಒಂದು ಅಧ್ಯಯನ ಕ್ಷೇತ್ರವೇ ಆಯಿತು. ಯಂತ್ರಕ್ಕೆ ಬುದ್ಧಿ ಕಲಿಸಲು ಆ ಕಾಲದವರು ಹಿಡಿದ ದಾರಿ ಸರಳವಾಗಿತ್ತು: ನಿಯಮಗಳನ್ನು ಬರೆದುಕೊಡುವುದು. ಹೀಗಿದ್ದರೆ ಹಾಗೆ ಮಾಡು, ಹಾಗಿದ್ದರೆ ಹೀಗೆ ಮಾಡು. ಚದುರಂಗದಂತಹ ಆಟಕ್ಕೆ ಇದು ಒದಗಿಬಂತು. ಬೆಕ್ಕನ್ನು ಗುರುತಿಸಲು ಮಾತ್ರ ಒದಗಲಿಲ್ಲ. ನಾಲ್ಕು ಕಾಲು, ಎರಡು ಕಿವಿ, ಒಂದು ಬಾಲ ಎಂದು ನಿಯಮ ಬರೆಯಬಹುದು. ಆದರೆ ಬೆಕ್ಕು ಉಂಡೆಯಾಗಿ ಮಲಗಿಬಿಟ್ಟರೆ? ಅರ್ಧ ಬಾಗಿಲ ಹಿಂದಿದ್ದರೆ? ನಿಯಮಕ್ಕೆ ಸಿಗದ ಬೆಕ್ಕನ್ನು ಮಗು ಮಾತ್ರ ತಟ್ಟನೆ ಗುರುತಿಸುತ್ತದೆ. ಮಗುವಿಗೆ ಯಾರೂ ನಿಯಮ ಹೇಳಿಕೊಟ್ಟಿರುವುದಿಲ್ಲ. ಅದು ಬೆಕ್ಕುಗಳನ್ನು ನೋಡಿರುತ್ತದೆ, ಅಷ್ಟೆ.

ಈಗಿನ ಎಐ ಹಿಡಿದಿರುವುದು ಮಗುವಿನ ದಾರಿಯನ್ನು. ಇದಕ್ಕೆ ಯಂತ್ರ ಕಲಿಕೆ ಎನ್ನುತ್ತಾರೆ. ಹಳೆಯ ರೇಡಿಯೊ ನೆನಪಿಸಿಕೊಳ್ಳಿ. ತಿರುಗುಣಿಯನ್ನು ಅತ್ತಿತ್ತ ತಿರುಗಿಸುತ್ತಾ ಹೋದರೆ ಕರಕರ ಸದ್ದು ಕಡಿಮೆಯಾಗಿ ಹಾಡು ಸ್ಪಷ್ಟವಾಗುತ್ತದೆ. ಅಂತಹ ತಿರುಗುಣಿಗಳು ಒಂದಲ್ಲ, ಕೋಟ್ಯಂತರ ಇವೆ ಎಂದುಕೊಳ್ಳಿ. ಯಂತ್ರಕ್ಕೆ ಒಂದು ಚಿತ್ರ ತೋರಿಸಲಾಗುತ್ತದೆ. ಅದು 'ನಾಯಿ' ಎಂದು ಊಹಿಸುತ್ತದೆ. ತಪ್ಪು, ಅದು ಬೆಕ್ಕು. ತಪ್ಪು ಕಡಿಮೆಯಾಗುವ ದಿಕ್ಕಿಗೆ ಎಲ್ಲ ತಿರುಗುಣಿಗಳೂ ಕೂದಲೆಳೆಯಷ್ಟು ತಿರುಗುತ್ತವೆ. ಇನ್ನೊಂದು ಚಿತ್ರ, ಇನ್ನೊಂದು ಊಹೆ, ಮತ್ತೆ ತಿದ್ದುಪಡಿ. ಈ ತಿರುಗುಣಿಗಳು ವಾಸ್ತವದಲ್ಲಿ ಬರೀ ಸಂಖ್ಯೆಗಳು. ಅವುಗಳನ್ನು ಪದರಪದರವಾಗಿ ಹೆಣೆದ ವ್ಯವಸ್ಥೆಗೆ ನರಜಾಲ ಎಂದು ಹೆಸರು. 2012ರಲ್ಲಿ, ಸುಮಾರು 12 ಲಕ್ಷ ಚಿತ್ರಗಳಿಂದ ಕಲಿತು ವಸ್ತುಗಳನ್ನು ಗುರುತಿಸಬೇಕಾದ ಒಂದು ಸ್ಪರ್ಧೆಯಲ್ಲಿ ಇಂತಹ ನರಜಾಲವೊಂದರ ತಪ್ಪಿನ ಪ್ರಮಾಣ ಶೇ 15ರ ಆಸುಪಾಸಿಗೆ ಇಳಿಯಿತು. ಎರಡನೆಯ ಸ್ಥಾನದಲ್ಲಿದ್ದವರದು ಶೇ 26. ಕ್ಷೇತ್ರದ ದಿಕ್ಕು ತಿರುಗಿದ್ದು ಅಲ್ಲಿಂದ.

ಭಾಷೆಗೂ ಇದೇ ಉಪಾಯ. 'ಹನಿ ಹನಿ ಕೂಡಿದರೆ...' ಎಂದು ನಿಲ್ಲಿಸಿದರೆ ಮುಂದಿನ ಪದ ನಿಮ್ಮ ನಾಲಿಗೆಯ ಮೇಲೆ ಆಗಲೇ ಬಂದಿರುತ್ತದೆ. ಅದನ್ನು ಮೊದಲೇ ಸಾವಿರ ಸಲ ಕೇಳಿದ್ದೀರಿ. ದೊಡ್ಡ ಭಾಷಾ ಮಾದರಿಗಳೆಂಬ ಎಐಗಳು ಮಾಡುವುದೂ ಇದನ್ನೇ. ಅಪಾರ ಪಠ್ಯವನ್ನು ಓದಿಸಿ, ಮುಂದೆ ಬರುವ ಪದ ಅಥವಾ ಪದದ ತುಣುಕನ್ನು ಊಹಿಸುವ ಅಭ್ಯಾಸವನ್ನು ಅವುಗಳಿಗೆ ಮಾಡಿಸಿರುತ್ತಾರೆ. ವಾಕ್ಯದ ಯಾವ ಪದಕ್ಕೆ ಯಾವ ಪದದ ನಂಟಿದೆ ಎಂದು ಒಂದೇ ನೋಟಕ್ಕೆ ತೂಗುವ 'ಟ್ರಾನ್ಸ್‌ಫಾರ್ಮರ್' ಎಂಬ ವಿನ್ಯಾಸವನ್ನು ಗೂಗಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಮೇಲೆ ಈ ಊಹೆಯ ಹರಿತ ಬಹಳ ಹೆಚ್ಚಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ, ಪ್ರಶ್ನೆಗೆ ಉತ್ತರಿಸುವ ಚಾಟ್‌ಬಾಟ್ ಬಂದಾಗ ಜನಸಾಮಾನ್ಯರ ಕೈಗೆ ಸಿಕ್ಕಿದ್ದು ಇದರ ಫಲ.

ಇಲ್ಲಿ ಒಂದು ಸಂಗತಿಯನ್ನು ಬಿಡದೆ ಹಿಡಿದಿಟ್ಟುಕೊಳ್ಳಬೇಕು. ಯಂತ್ರದ ಸರಿ ಉತ್ತರವೂ ತಪ್ಪು ಉತ್ತರವೂ ಹುಟ್ಟುವುದು ಒಂದೇ ಊಹೆಯ ಬಾಯಿಂದ. ಎರಡರ ದನಿಯಲ್ಲೂ ಒಂದೇ ಆತ್ಮವಿಶ್ವಾಸ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಬಾಟ್ ಕೊಟ್ಟ ಹಳೆಯ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ ದಂಡ ತೆತ್ತರು. ಆ ತೀರ್ಪುಗಳು ಹುಟ್ಟಿಯೇ ಇರಲಿಲ್ಲ. ಹೆಸರು, ಸಂಖ್ಯೆ, ಧಾಟಿ ಎಲ್ಲವೂ ತೀರ್ಪಿನಂತೆಯೇ ಇದ್ದವು. ತಂತ್ರಜ್ಞರು ಇದಕ್ಕೆ 'ಭ್ರಮೆ' ಎಂಬ ಹೆಸರಿಟ್ಟಿದ್ದಾರೆ. ನನಗೇನೋ ಈ ಪದ ಒಪ್ಪಿಗೆಯಿಲ್ಲ. ಯಂತ್ರ ಎಂದಿನ ಊಹೆಯ ಕೆಲಸವನ್ನೇ ಮಾಡಿದೆ, ಭ್ರಮೆಗೆ ಬಿದ್ದವರು ಓದಿದವರು.

ಕಣ್ಣಿಗೆ ಕಟ್ಟಿದ ಜಗತ್ತು

ಓದುವಾಗ ದೃಶ್ಯ ಕಣ್ಣಿಗೆ ಕಟ್ಟಿದಂತಿತ್ತು ಎನ್ನುತ್ತೇವೆ. ವಿಆರ್ ಅದನ್ನು ಅಕ್ಷರಶಃ ಮಾಡುತ್ತದೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿದೆ. ಹೀಗಾಗಿ ಎರಡೂ ಕಣ್ಣು ಕಾಣುವ ಚಿತ್ರಗಳು ತುಸು ಬೇರೆ. ಮುಖದ ಮುಂದೆ ಒಂದು ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಅತ್ತಿತ್ತ ಜಿಗಿಯುತ್ತದೆ. ಈ ವ್ಯತ್ಯಾಸದಿಂದಲೂ ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ಎರಡು ಕಣ್ಣಿಗೂ ಬೇರೆ ಬೇರೆ ಚಪ್ಪಟೆ ಚಿತ್ರ ತೋರಿಸಿದರೆ ಮಿದುಳು ಅವನ್ನು ಬೆಸೆದು ಆಳವಿರುವ ಒಂದೇ ದೃಶ್ಯವನ್ನಾಗಿ ಕಾಣುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ತೋರಿಸಿದ್ದರು. ಛಾಯಾಗ್ರಹಣ ಇನ್ನೂ ಜನರ ಕೈಗೆ ಬಂದಿರದ ಕಾಲ ಅದು. ಇಂದಿನ ಹೆಡ್‌ಸೆಟ್‌ನ ಅರ್ಧ ಗುಟ್ಟು ಇಷ್ಟೇ: ಕಣ್ಣಿಗೊಂದು ಚಿತ್ರ, ನಡುವೆ ಒಂದು ಮಸೂರ.

ಉಳಿದರ್ಧ ಗುಟ್ಟು ಚಲನೆಯದು. ನಿಜ ಜಗತ್ತಿನಲ್ಲಿ ತಲೆ ಎಡಕ್ಕೆ ತಿರುಗಿದರೆ ನೋಟ ಬಲಕ್ಕೆ ಸರಿಯುತ್ತದೆ. ಪರದೆಯ ಮೇಲಿನ ಚಿತ್ರವೂ ತಲೆಯ ಚಲನೆಗೆ ತಕ್ಕಂತೆ ಸರಿದರೆ ಮಿದುಳು 'ನಾನು ಇಲ್ಲಿದ್ದೇನೆ' ಎಂದು ಒಪ್ಪಿಕೊಳ್ಳುತ್ತದೆ. ಕಂಪ್ಯೂಟರ್ ಬಿಡಿಸಿದ ಚಿತ್ರವನ್ನು ಹೀಗೆ ತಲೆಯೊಂದಿಗೆ ತಿರುಗುವಂತೆ ಮಾಡಿದ ಉಪಕರಣವನ್ನು ಐವನ್ ಸದರ್ಲ್ಯಾಂಡ್ 1968ರಲ್ಲಿ ತೋರಿಸಿದರು. ಅದು ಎಷ್ಟು ಭಾರವಿತ್ತೆಂದರೆ ಛಾವಣಿಯಿಂದ ತೂಗುಹಾಕಬೇಕಾಯಿತು. ಕಂಡದ್ದು ಬರೀ ಗೆರೆಗಳ ಚೌಕಟ್ಟು. 'ವರ್ಚುವಲ್ ರಿಯಾಲಿಟಿ' ಎಂಬ ಹೆಸರನ್ನು ಜನಪ್ರಿಯಗೊಳಿಸಿದ ಜರಾನ್ ಲೇನಿಯರ್ 1980ರ ದಶಕದಲ್ಲಿ ಹೆಡ್‌ಸೆಟ್ ಮತ್ತು ಕೈಗವಸುಗಳನ್ನು ಮಾರಾಟಕ್ಕಿಟ್ಟರೂ ಅವು ಪ್ರಯೋಗಾಲಯಗಳಾಚೆ ದಾಟಲಿಲ್ಲ. ದಾಟಿಸಿದ್ದು ಮೊಬೈಲ್ ಫೋನು. ಫೋನಿಗಾಗಿ ತಯಾರಾದ ಪುಟ್ಟ ಪರದೆ, ಚಲನೆ ಅಳೆಯುವ ಚಿಪ್‌ಗಳು ಅಗ್ಗವಾದ ಮೇಲೆ, 2012ರಿಂದೀಚೆಗೆ ವಿಆರ್‌ಗೆ ಮರುಜೀವ ಬಂತು.

ತಲೆ ತಿರುಗಿಸಿದ್ದಕ್ಕೂ ಚಿತ್ರ ಸರಿಯುವುದಕ್ಕೂ ನಡುವಿನ ವಿಳಂಬ ಸುಮಾರು 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ 50ನೇ ಒಂದು ಭಾಗ, ಮೀರಬಾರದು ಎಂಬುದು ತಯಾರಕರ ಲೆಕ್ಕ. ಮೀರಿದರೆ ಹೊಟ್ಟೆ ತೊಳೆಸುತ್ತದೆ. ಸಮತೋಲ ಅಳೆಯುವ ಅಂಗ ನಮ್ಮ ಒಳಗಿವಿಯಲ್ಲಿದೆ. 'ಚಲಿಸುತ್ತಿದ್ದೇವೆ' ಎಂದು ಕಣ್ಣು, 'ಕುಳಿತೇ ಇದ್ದೇವೆ' ಎಂದು ಕಿವಿ ಹೇಳಿದಾಗ ಆಗುವ ಜಗಳವೇ ಆ ವಾಕರಿಕೆ. ಬಸ್ಸಿನಲ್ಲಿ ಪುಸ್ತಕ ಓದುವಾಗ ಆಗುವುದೂ ಇದೇ ಜಗಳ, ಅಲ್ಲಿ ವಾದಿ ಪ್ರತಿವಾದಿಗಳು ಅದಲುಬದಲು.

ಸುತ್ತಲಿನ ಜಗತ್ತನ್ನು ಪೂರ್ತಿ ಮುಚ್ಚಿಹಾಕಿದರೆ ಅದು ವಿಆರ್. ಜಗತ್ತು ಕಾಣುತ್ತಲೇ ಇದ್ದು ಅದರ ಮೇಲೆ ಚಿತ್ರ, ಬರಹಗಳು ಮೂಡಿದರೆ ಅದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಅಥವಾ ಎಆರ್ ಎನ್ನುತ್ತಾರೆ. ಇವೆರಡರ ನಡುವಿನ ಗೆರೆ ಈಗೀಗ ಮಸುಕಾಗುತ್ತಿದೆ.

ರಂಗಸಜ್ಜಿಕೆಗೆ ನಟ ಸಿಕ್ಕಿದಾಗ

ವಿಆರ್ ಅನ್ನು ರಂಗಸಜ್ಜಿಕೆ ಎಂದುಕೊಂಡರೆ ಎಐ ಅದರೊಳಗಿನ ನಟ. ಇದುವರೆಗಿನ ಸಜ್ಜಿಕೆಯಲ್ಲಿ ಪ್ರತಿ ಮರ, ಪ್ರತಿ ಗೋಡೆಯನ್ನೂ ಕಲಾವಿದರು ಕೈಯಾರೆ ನಿರ್ಮಿಸಬೇಕಿತ್ತು. ಪಾತ್ರಗಳು ಮೊದಲೇ ಬರೆದಿಟ್ಟ ಮಾತನ್ನಷ್ಟೇ ಆಡುತ್ತಿದ್ದವು. ಎರಡನೆಯ ಸಲ ಹೋದರೆ ಅದೇ ಮಾತು, ಅದೇ ಕೈಸನ್ನೆ. ಕುತೂಹಲ ಬೇಗ ಬತ್ತುತ್ತಿತ್ತು.

ಆಶುವಾಗಿ ಮಾತನಾಡಬಲ್ಲ ನಟ ಬಂದರೆ? ನೀವು ಏನು ಕೇಳಿದರೂ ಪಾತ್ರ ಉತ್ತರಿಸುತ್ತದೆ. ಸಜ್ಜಿಕೆಯೂ ಅಷ್ಟೆ. 'ಮಳೆ ನಿಂತ ಮೇಲಿನ ಕಾಡುದಾರಿ' ಎಂದು ಬರೆದರೆ ಒಳಗೆ ಓಡಾಡಬಹುದಾದ ದೃಶ್ಯವನ್ನು ಆ ಕ್ಷಣದಲ್ಲೇ ರಚಿಸುವ 'ಜೀನಿ 3' ಎಂಬ ಮಾದರಿಯನ್ನು ಗೂಗಲ್ ಡೀಪ್‌ಮೈಂಡ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅದರ ಲೋಕ ಸುಸಂಬದ್ಧವಾಗಿ ಉಳಿಯುತ್ತಿದ್ದುದು ಕೆಲವೇ ನಿಮಿಷ. ಆದರೂ ಮುಂದಿನ ಪದವನ್ನು ಊಹಿಸುತ್ತಿದ್ದ ಯಂತ್ರ ಮುಂದಿನ ನೋಟವನ್ನೂ ಊಹಿಸತೊಡಗಿದೆ ಎಂಬುದನ್ನು ಗಮನಿಸಬೇಕು. ಭಾಷೆಯಲ್ಲಿ ಕಂಡ ಬದಲಾವಣೆ ದೃಶ್ಯಕ್ಕೂ ಕಾಲಿಟ್ಟಿದೆ.

ಒಂದು ಸಣ್ಣ ತಾಂತ್ರಿಕ ಜಾಣ್ಮೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಣ್ಣಿಗೆ ಅತ್ಯಂತ ನಿಚ್ಚಳವಾಗಿ ಕಾಣುವುದು ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಜಾಗ ಮಾತ್ರ. ಉಳಿದದ್ದೆಲ್ಲ ಮಬ್ಬು. ಹಾಗಾಗಿ ಕೆಲವು ಹೆಡ್‌ಸೆಟ್‌ಗಳು ಕಣ್ಣಿನ ಪಾಪೆ ಎತ್ತ ತಿರುಗಿದೆ ಎಂದು ನೋಡಿಕೊಂಡು ಅಷ್ಟು ಜಾಗವನ್ನಷ್ಟೇ ಪೂರ್ತಿ ವಿವರದಲ್ಲಿ ಬಿಡಿಸುತ್ತವೆ. ಶ್ರಮ ಉಳಿಯುತ್ತದೆ. ಆದರೆ ಅದಕ್ಕಾಗಿ ಕ್ಯಾಮೆರಾ ಸದಾ ನಿಮ್ಮ ಕಣ್ಣನ್ನೇ ನೋಡುತ್ತಿರಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ.

ತಪ್ಪಿದರೂ ಯಾರಿಗೂ ಪೆಟ್ಟಾಗದ ಜಾಗ

ಈ ತಂತ್ರಜ್ಞಾನಗಳ ಲಾಭವನ್ನು ಆಟ, ಮನರಂಜನೆಯಲ್ಲಿ ಹುಡುಕುವುದಕ್ಕಿಂತ ಆಸ್ಪತ್ರೆ ಮತ್ತು ತರಬೇತಿಯಲ್ಲಿ ಹುಡುಕುವುದು ಒಳ್ಳೆಯದು. ಅಲ್ಲಿ ಪುರಾವೆ ಹೆಚ್ಚು, ಅಬ್ಬರ ಕಡಿಮೆ.

ಸುಳ್ಳು ಜಗತ್ತಿನಲ್ಲಿ ನಿಜ ವಿದ್ಯೆ ಕಲಿಯುವುದು ಹೊಸತೇನಲ್ಲ. ಎಡ್ವಿನ್ ಲಿಂಕ್ 1929ರಲ್ಲಿ ನೆಲದ ಮೇಲೇ ಓಲಾಡುವ ಪುಟ್ಟ ವಿಮಾನವನ್ನು ಕಟ್ಟಿದರು, ಎರಡನೆಯ ಮಹಾಯುದ್ಧದ ಅಸಂಖ್ಯ ಪೈಲಟ್‌ಗಳು ಅಂತಹ ಯಂತ್ರಗಳಲ್ಲಿ ಪಳಗಿದರು. ಶಸ್ತ್ರಚಿಕಿತ್ಸೆಗೂ ಇದೇ ತರ್ಕ ಹೊಂದುತ್ತದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ಕಿರಿಯ ಶಸ್ತ್ರವೈದ್ಯರಲ್ಲಿ ಕೆಲವರಿಗೆ ವಿಆರ್ ತರಬೇತಿ ಕೊಟ್ಟು, ಆಮೇಲೆ ಎಲ್ಲರಿಂದಲೂ ನಿಜವಾದ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಒಂದು ಹಂತವನ್ನು ಮಾಡಿಸಿದರು. ವಿಆರ್‌ನಲ್ಲಿ ಪಳಗಿದವರು ಶೇ 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆ. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ ಎಂಬುದು ನೆನಪಿರಲಿ.

ಭಯದ ಚಿಕಿತ್ಸೆ ಇನ್ನೂ ಸ್ವಾರಸ್ಯದ್ದು. ಎತ್ತರದ ಭಯವಿರುವವರನ್ನು ಹಂತಹಂತವಾಗಿ ಎತ್ತರಕ್ಕೆ ಒಡ್ಡಿ ಭಯ ಕಳೆಯುವುದು ಮನೋವೈದ್ಯಕೀಯದ ಹಳೆಯ ವಿಧಾನ. ರೋಗಿಯನ್ನು ನಿಜವಾದ ಮಹಡಿಗೆ ಕರೆದೊಯ್ಯುವ ಬದಲು ವಿಆರ್ ಮಹಡಿಗೆ ಕರೆದೊಯ್ಯಬಹುದೇ ಎಂದು ಬಾರ್ಬರಾ ರಾಥ್‌ಬಾಮ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗಿನ ಚಿತ್ರಗಳು ವ್ಯಂಗ್ಯಚಿತ್ರದಷ್ಟು ಒರಟಾಗಿದ್ದವು. ಆದರೂ ಭಯ ಇಳಿಯಿತು. ಯಾರೂ ಹೇಳದಿದ್ದರೂ ಹಲವರು ತಾವಾಗಿಯೇ ನಿಜವಾದ ಎತ್ತರದ ಜಾಗಗಳಿಗೆ ಹೋಗಿ ನಿಂತರು. ಇದು ಚಿಕ್ಕ ಮಾತಲ್ಲ: ಸುಳ್ಳಿನಲ್ಲಿ ಕಲಿತ ಧೈರ್ಯ ನಿಜದಲ್ಲಿ ಉಳಿದುಕೊಂಡಿತು.

ಸುಟ್ಟಗಾಯದ ಪಟ್ಟಿ ಬದಲಿಸುವಾಗಿನ ನೋವು ಅತಿ ಕ್ರೂರ. ಆ ಹೊತ್ತಿನಲ್ಲಿ ರೋಗಿಗೆ ಹಿಮದ ಕಣಿವೆಯೊಂದನ್ನು ತೋರಿಸಿ, ಹಿಮದ ಉಂಡೆ ಎಸೆಯುವ ಆಟಕ್ಕೆ ಹಚ್ಚುವ ಪ್ರಯೋಗವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ತಂಡ ಮಾಡಿತು. ನೋವು ಕಡಿಮೆಯಾಯಿತೆಂದು ರೋಗಿಗಳು ಹೇಳಿದರು. ಆರೋಗ್ಯವಂತರ ಮೇಲೆ ಮಾಡಿದ ಸ್ಕ್ಯಾನ್‌ಗಳಲ್ಲಿ ನೋವಿಗೆ ಸಂಬಂಧಿಸಿದ ಮಿದುಳಿನ ಚಟುವಟಿಕೆಯೂ ತಗ್ಗಿದ್ದು ಕಂಡಿತು. ನೋವಿಗೂ ನಮ್ಮ ಗಮನ ಬೇಕು. ಗಮನವನ್ನು ಬೇರೆಡೆ ಕಟ್ಟಿಹಾಕಿದರೆ ನೋವಿನ ಪಾಲು ಕಡಿಮೆ. ದೀರ್ಘಕಾಲದ ಸೊಂಟನೋವಿಗಾಗಿ ಮನೆಯಲ್ಲೇ ಬಳಸುವ ವಿಆರ್ ಚಿಕಿತ್ಸೆಯೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು.

ಎಐನ ಕೊಡುಗೆ ಕಣ್ಣಿಗೆ ಕಾಣದ ಕಡೆ ಇದೆ. ನಮ್ಮ ದೇಹದ ಪ್ರೋಟೀನ್ ಸಾಮಾನ್ಯವಾಗಿ ಉದ್ದನೆಯ ಮಣಿಸರದಂತೆ ಹುಟ್ಟಿ, ತಾನೇ ಮಡಚಿಕೊಂಡು ಒಂದು ಆಕಾರ ತಾಳುತ್ತದೆ. ಆಕಾರ ತಿಳಿದರೆ ಅದರ ಕೆಲಸ ತಿಳಿಯಲು, ಔಷಧ ಹುಡುಕಲು ದಾರಿಯಾಗುತ್ತದೆ. ಒಂದೊಂದು ಆಕಾರ ಪತ್ತೆಗೂ ಪ್ರಯೋಗಾಲಯದಲ್ಲಿ ವರ್ಷಗಳು ಹಿಡಿದದ್ದುಂಟು. ಮಣಿಗಳ ಸಾಲು ನೋಡಿಯೇ ಆಕಾರ ಊಹಿಸುವ 'ಆಲ್ಫಾಫೋಲ್ಡ್' ಎಂಬ ಎಐ 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರವನ್ನು ಊಹಿಸಿ ಕೊಟ್ಟಿತ್ತು. ಅದರ ಹಿಂದಿನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್, ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್, 2024ರ ರಸಾಯನವಿಜ್ಞಾನದ ನೊಬೆಲ್ ಪಡೆದರು.

ಉದ್ಯೋಗವೆಂಬ ಮೂಟೆ

ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕೆಲಸ ಹೋಗುತ್ತದೆಯೇ?

ನರಜಾಲಗಳ ಹಿರಿಯ ಸಂಶೋಧಕ, ಮುಂದೆ 2024ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್, ಎಕ್ಸ್‌-ರೇ ಮತ್ತು ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದು 2016ರಲ್ಲಿ ಹೇಳಿದ್ದರು. ಐದು ವರ್ಷ ಎಂದೋ ಕಳೆಯಿತು. ಸ್ಕ್ಯಾನ್ ನೋಡುವ ಎಐಗಳು ಆಸ್ಪತ್ರೆಗೆ ಬಂದವು, ರೇಡಿಯಾಲಜಿಸ್ಟ್‌ಗಳಿಗೂ ಬೇಡಿಕೆ ಇಳಿಯಲಿಲ್ಲ.

ಅಷ್ಟು ದೊಡ್ಡ ತಜ್ಞರ ಲೆಕ್ಕ ತಪ್ಪಿದ್ದೇಕೆ? ಉದ್ಯೋಗವೆಂದರೆ ಒಂದು ಕೆಲಸವಲ್ಲ, ಹಲವು ಕೆಲಸಗಳ ಮೂಟೆ. ಸ್ಕ್ಯಾನ್ ಚಿತ್ರದಲ್ಲಿ ಗೆಡ್ಡೆ ಹುಡುಕುವುದು ಒಂದು ಕೆಲಸ. ರೋಗಿಯ ಹಿಂದಿನ ಇತಿಹಾಸ ನೋಡುವುದು, ಇನ್ನೊಬ್ಬ ವೈದ್ಯರೊಂದಿಗೆ ಚರ್ಚಿಸುವುದು, ತೀರ್ಮಾನಕ್ಕೆ ಸಹಿ ಹಾಕಿ ಹೊಣೆ ಹೊರುವುದು ಬೇರೆ ಬೇರೆ ಕೆಲಸಗಳು. ಯಂತ್ರ ಮೂಟೆಯಿಂದ ಒಂದೆರಡನ್ನು ಎತ್ತಿಕೊಳ್ಳುತ್ತದೆ. ಮೂಟೆಯಲ್ಲಿ ಇದ್ದುದೇ ಒಂದೆರಡಾದರೆ ಮಾತ್ರ ಉದ್ಯೋಗವೇ ಹೋಗುತ್ತದೆ. ನಿಗದಿತ ನಮೂನೆಯ ಬರಹ, ಸರಳ ಅನುವಾದ, ಗ್ರಾಹಕರ ಸಾಮಾನ್ಯ ಪ್ರಶ್ನೆಗಳಿಗೆ ಉತ್ತರ ಕೊಡುವ ಹುದ್ದೆಗಳಿಗೆ ಈ ಬಿಸಿ ಮೊದಲು ತಟ್ಟುವುದು ಅದಕ್ಕೇ.

ಹೆಚ್ಚು ಮಾತಿಗೆ ಬಾರದ ಒಂದು ತೊಡಕಿದೆ. ಯಂತ್ರ ಸುಲಭವಾಗಿ ಎತ್ತಿಕೊಳ್ಳುವ ಕೆಲಸಗಳು ಹೆಚ್ಚಾಗಿ ಹೊಸಬರಿಗೆ ಕೊಡುವಂಥವು. ಕರಡು ಬರೆಯುವುದು, ಸಣ್ಣ ಪ್ರೋಗ್ರಾಂ ಕಟ್ಟುವುದು, ಹಳೆಯ ಕಡತ ಓದಿ ಸಾರಾಂಶ ಮಾಡುವುದು. ಅವನ್ನು ಮಾಡುತ್ತಲೇ ಹೊಸಬ ಪರಿಣತನಾಗುತ್ತಾನೆ. ಮೊದಲ ಮೆಟ್ಟಿಲನ್ನೇ ತೆಗೆದರೆ ಮೇಲಿನ ಮೆಟ್ಟಿಲಿಗೆ ಮುಂದೆ ಜನ ಎಲ್ಲಿಂದ ಬರಬೇಕು? ವಿಆರ್ ತರಬೇತಿ ಆ ಮೆಟ್ಟಿಲನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡಬಹುದು, ಕೈಯಿಂದ ಮಾಡುವ ಕೆಲಸಗಳಲ್ಲಂತೂ ಖಂಡಿತ. ಬರೆಯುವ, ಯೋಚಿಸುವ ಕೆಲಸಗಳಲ್ಲಿ ಅದು ಎಷ್ಟು ನೆರವಾದೀತು ಎಂಬ ಬಗ್ಗೆ ನನಗೆ ಅನುಮಾನವಿದೆ.

ತೀರಿಕೊಂಡವರ ಭೇಟಿ

2020ರಲ್ಲಿ ದಕ್ಷಿಣ ಕೊರಿಯಾದ ಟಿವಿ ವಾಹಿನಿಯೊಂದು, ಕಾಯಿಲೆಯಿಂದ ತೀರಿಕೊಂಡ ಏಳು ವರ್ಷದ ಮಗಳನ್ನು ಆಕೆಯ ತಾಯಿಗೆ ವಿಆರ್‌ನಲ್ಲಿ 'ಭೇಟಿ' ಮಾಡಿಸಿತು. ಮಗುವಿನ ರೂಪ, ದನಿ, ನಡಿಗೆಯನ್ನು ತಿಂಗಳುಗಟ್ಟಲೆ ಶ್ರಮಿಸಿ ಮರುಸೃಷ್ಟಿಸಿದ್ದರು. ತಾಯಿ ಅತ್ತರು, ನೋಡಿದವರೂ ಅತ್ತರು. ಇದು ಸಾಂತ್ವನವೋ, ಆರದ ಗಾಯವನ್ನು ಕೆದಕುವುದೋ ಎಂದು ಲೋಕವಿಡೀ ಚರ್ಚೆ ನಡೆಯಿತು.

ಆ ಮಗುವಿನ ಮಾತುಗಳನ್ನು ಮೊದಲೇ ಬರೆದಿಟ್ಟಿದ್ದರು. ಭೇಟಿಗೆ ಒಂದು ಆರಂಭವಿತ್ತು, ಒಂದು ಕೊನೆಯೂ ಇತ್ತು. ಭಾಷಾ ಮಾದರಿಯನ್ನು ಅದರೊಳಗೆ ಇಟ್ಟರೆ ಕೊನೆ ಎಂಬುದೇ ಇರುವುದಿಲ್ಲ. ತೀರಿಕೊಂಡವರ ಸಂದೇಶ, ಪತ್ರ, ಧ್ವನಿಮುದ್ರಣಗಳಿಂದ ಕಲಿತು ಅವರ ಧಾಟಿಯಲ್ಲೇ ಮಾತನಾಡುವ ಚಾಟ್‌ಬಾಟ್‌ಗಳು ಈಗಾಗಲೇ ಇವೆ. ಅವು ಹೇಳುವುದೆಲ್ಲ ಊಹೆ, ಆ ವ್ಯಕ್ತಿ ಎಂದೂ ಆಡದ ಮಾತು. ಆದರೆ ದನಿ ಅವರದು. ಅಷ್ಟು ಸರಳವಾದ ಎಲಿಜಾ ಮುಂದೆಯೇ ಖಾಸಗಿತನ ಬೇಡಿದ ಮನುಷ್ಯರು ನಾವು, ಇದರ ಮುಂದೆ ಹೇಗೆ ವರ್ತಿಸುತ್ತೇವೆ ಎಂದು ಬೇರೆ ಹೇಳಬೇಕಿಲ್ಲ. ಜೀವಂತರ ನಡುವೆಯೂ ಒಂಟಿಯಾದವರಿಗೆ ಎಐ ಸಂಗಾತಿಗಳು ಹತ್ತಿರವಾಗುತ್ತಿವೆ. ಅವು ದಣಿಯುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ಎದುರು ಮಾತನಾಡುವುದು ಅಪರೂಪ. ಕಷ್ಟವಿರುವುದೂ ಅಲ್ಲೇ.

ಕನ್ನಡಕವೂ ನಿಮ್ಮನ್ನು ನೋಡುತ್ತಿದೆ

ತಲೆ ತಿರುಗಿದ್ದು, ಕೈ ಆಡಿದ್ದು ತಿಳಿಯದಿದ್ದರೆ ವಿಆರ್ ಕೆಲಸವೇ ಮಾಡದು. ಅಂದರೆ ಅಳೆಯುವುದು ಅದರ ಹುಟ್ಟುಗುಣ. ಈ ಅಳತೆಗಳಿಂದ ಏನೇನು ತಿಳಿಯಬಹುದು?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 511 ಜನರಿಗೆ ವಿಆರ್ ವಿಡಿಯೊ ತೋರಿಸಿದರು. ಐದು ನಿಮಿಷಕ್ಕಿಂತ ಕಡಿಮೆ ಅವಧಿಯ ಚಲನೆಯ ದತ್ತಾಂಶ ನೋಡಿ, ಇದು ಇಂಥವರೇ ಎಂದು ಶೇ 95ರಷ್ಟು ನಿಖರವಾಗಿ ಗುರುತಿಸಲು ಕಂಪ್ಯೂಟರಿಗೆ ಸಾಧ್ಯವಾಯಿತು. 2023ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ 50 ಸಾವಿರಕ್ಕೂ ಹೆಚ್ಚು ವಿಆರ್ ಆಟಗಾರರ ನಡುವೆ, 100 ಸೆಕೆಂಡುಗಳ ಚಲನೆಯಿಂದಲೇ ಶೇ 94ರಷ್ಟು ನಿಖರವಾಗಿ ಒಬ್ಬೊಬ್ಬರನ್ನು ಬೇರ್ಪಡಿಸಿತು. ಅಲ್ಲಿ ಹೆಸರಿಲ್ಲ, ಮುಖವಿಲ್ಲ. ಇದ್ದುದು ತಲೆ ಮತ್ತು ಎರಡು ಕೈಗಳು ಗಾಳಿಯಲ್ಲಿ ಬರೆದ ಗೆರೆಗಳು. ದೂರದಿಂದ ಬರುತ್ತಿರುವ ಗೆಳೆಯನನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವಲ್ಲ, ಅದೇ ಇದು. ವ್ಯತ್ಯಾಸವೆಂದರೆ ಯಂತ್ರಕ್ಕೆ ಎಲ್ಲರೂ ಗೆಳೆಯರೇ.

ಕಣ್ಣಿನ ನೋಟವನ್ನೂ ಸೇರಿಸಿಕೊಳ್ಳಿ. ಫೋನಿನಲ್ಲಿ ಹೆಚ್ಚಾಗಿ ದಾಖಲಾಗುವುದು ನೀವು ಯಾವುದನ್ನು ಒತ್ತಿದಿರಿ, ಪರದೆಯನ್ನು ಎಲ್ಲಿ ನಿಲ್ಲಿಸಿದಿರಿ ಎಂಬುದು. ನೋಟ ಅಳೆಯುವ ಹೆಡ್‌ಸೆಟ್‌ನಲ್ಲಿ, ಒತ್ತದೆ ಬಿಟ್ಟ ಒಂದೊಂದನ್ನೂ ನಿಮ್ಮ ಕಣ್ಣು ಎಷ್ಟು ಹೊತ್ತು ನೋಡಿತು ಎಂಬುದೂ ಸಿಗುತ್ತದೆ. ಅದನ್ನು ಕಲಿಯುವ ಯಂತ್ರ, ಅದಕ್ಕೆ ತಕ್ಕಂತೆ ನಿಮ್ಮ ಸುತ್ತಲಿನ ಲೋಕವನ್ನೇ ಬದಲಿಸಬಲ್ಲ ಸಜ್ಜಿಕೆ, ಇವೆರಡೂ ಒಂದೇ ಕೈಯಲ್ಲಿದ್ದರೆ ಜಾಹೀರಾತು ಬೇರೆ, ನಿಮ್ಮ ಎದುರು ನಿಂತು ಮಾತನಾಡುವವರು ಬೇರೆ ಎಂಬ ಭೇದ ಉಳಿಯುವುದು ಕಷ್ಟ. ಮನುಷ್ಯರ ಭಾವನೆಗಳನ್ನು ಎಐ ಮೂಲಕ ಪತ್ತೆ ಮಾಡುವುದನ್ನು ಕೆಲಸದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಯುರೋಪಿಯನ್ ಒಕ್ಕೂಟದ ಎಐ ಕಾನೂನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ವಿನಾಯಿತಿ ಇದೆ. 2025ರ ಫೆಬ್ರುವರಿಯಿಂದ ಈ ನಿಷೇಧ ಜಾರಿಯಲ್ಲಿದೆ.

ಪ್ರತ್ಯಕ್ಷ ಕಂಡರೂ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಡೀಪ್‌ಫೇಕ್ ಬರುವ ಎಷ್ಟೋ ಮೊದಲಿನದು. ಒಬ್ಬರ ಮುಖ, ದನಿಯನ್ನು ಎಐನಿಂದ ನಕಲು ಮಾಡಿದ ವಿಡಿಯೊಗೆ ಡೀಪ್‌ಫೇಕ್ ಎನ್ನುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದರ ಹಣಕಾಸು ನೌಕರರೊಬ್ಬರು ವಿಡಿಯೊ ಸಭೆಗೆ ಹಾಜರಾಗಿ, ಮೇಲಧಿಕಾರಿಗಳ ಸೂಚನೆಯಂತೆ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದ ಪ್ರಕರಣ 2024ರ ಆರಂಭದಲ್ಲಿ ಹೊರಬಂತು. ಆ ಸಭೆಯಲ್ಲಿ ನಿಜವಾದ ಮನುಷ್ಯ ಎಂದಿದ್ದರೆ ಆ ನೌಕರರೊಬ್ಬರೇ. ಉಳಿದವರೆಲ್ಲ ನಕಲಿಗಳು. ಸಭೆಗೆ ಮೊದಲು ಹಣ ವರ್ಗಾವಣೆಯ ಸಂದೇಶ ಬಂದಾಗ ಅವರಿಗೆ ಅನುಮಾನ ಬಂದಿತ್ತಂತೆ, ಪರಿಚಿತ ಮುಖಗಳನ್ನು ಕಂಡ ಮೇಲೆ ಹೋಯಿತು.

ಕಲಿಯುವ ಯಂತ್ರಕ್ಕೆ ಪಕ್ಷಪಾತವೂ ಅಂಟಿಕೊಳ್ಳುತ್ತದೆ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದಾಗ, ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 0.8ನ್ನು ಮೀರಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇ 34.7ರವರೆಗೂ ಇತ್ತು. ಯಂತ್ರ ಯಾರನ್ನು ಕಡಿಮೆ ನೋಡಿ ಬೆಳೆದಿದೆಯೋ ಅವರ ವಿಷಯದಲ್ಲಿ ಹೆಚ್ಚು ತಪ್ಪುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬಹುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಲೋಕದ ಒಟ್ಟು ವಿದ್ಯುತ್ ಬಳಕೆಯ ಶೇ 1.5ರಷ್ಟು, ಎಐನಂತಹ ಸೇವೆಗಳನ್ನು ನಡೆಸುವ ಕಂಪ್ಯೂಟರ್‌ಗಳಿರುವ ದತ್ತಾಂಶ ಕೇಂದ್ರಗಳಿಗೆ ಹೋಯಿತು. 2030ರ ಹೊತ್ತಿಗೆ ಈ ಕೇಂದ್ರಗಳ ಬಳಕೆ ಎರಡು ಪಟ್ಟಿಗೂ ಹೆಚ್ಚಾಗಬಹುದು, ಹೆಚ್ಚಳಕ್ಕೆ ಮುಖ್ಯ ಕಾರಣ ಎಐ ಎನ್ನುತ್ತದೆ ಅದು.

ಇನ್ನೂ ಕೈಗೆ ಸಿಗದ್ದು

ಇಷ್ಟಾದರೂ ಹೆಡ್‌ಸೆಟ್ ತೊಟ್ಟು ದಿನವಿಡೀ ಕೂರುವವರು ಸಿಗುವುದು ಅಪರೂಪ. ಮುಖದ ಮೇಲೆ ಭಾರ, ಕಣ್ಣಿಗೆ ದಣಿವು. ದೂರದ ವಸ್ತುವಿರಲಿ ಹತ್ತಿರದ್ದಿರಲಿ, ಹೆಡ್‌ಸೆಟ್‌ನ ಬೆಳಕು ಬರುವುದು ಒಂದೇ ದೂರದಿಂದ ಎಂಬಂತೆ. ಎರಡು ಕಣ್ಣುಗಳು ಹತ್ತಿರದ ವಸ್ತುವಿನತ್ತ ಒಳಮುಖವಾಗಿ ತಿರುಗಿದರೂ ಕಣ್ಣೊಳಗಿನ ಮಸೂರ ಆ ಒಂದೇ ದೂರಕ್ಕೆ ಕಚ್ಚಿಕೊಂಡಿರಬೇಕು. ಹುಟ್ಟಿದಾಗಿನಿಂದ ಜೊತೆಗೆ ನಡೆದ ಎರಡು ಅಭ್ಯಾಸಗಳನ್ನು ಹೀಗೆ ಬೇರೆ ಮಾಡಿದಾಗ ತಲೆನೋವು ಬರುವುದು ಸಹಜ. ಹಗುರ ಕನ್ನಡಕದ ರೂಪದ ಎಆರ್ ಉಪಕರಣಗಳ ಕಡೆಗೆ ಕಂಪನಿಗಳು ಹೊರಳಿರುವುದಕ್ಕೆ ಈ ಅಸೌಖ್ಯವೂ ಒಂದು ಕಾರಣ.

ಎಲ್ಲಕ್ಕಿಂತ ಗಟ್ಟಿಯಾದ ಗೋಡೆ ಸ್ಪರ್ಶದ್ದು. ಕಣ್ಣನ್ನು ಒಪ್ಪಿಸಲು ಎರಡು ಪುಟ್ಟ ಪರದೆ ಸಾಕು, ಕಿವಿಗೆ ಎರಡು ಸ್ಪೀಕರ್. ಚರ್ಮವಾದರೋ ಇಡೀ ಮೈಯನ್ನು ಹೊದ್ದಿದೆ. ಒರಟು, ನುಣುಪು, ಬಿಸಿ, ತಂಪು, ಒತ್ತಡ ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಕೈಗವಸು ಕಂಪಿಸಿ 'ಮುಟ್ಟಿದೆ' ಎಂದು ಸೂಚಿಸಬಹುದು. ಆದರೆ ಗೋಡೆಗೆ ಒರಗಿದಾಗ ಗೋಡೆ ತಿರುಗಿ ತಳ್ಳುತ್ತದಲ್ಲ, ಆ ತಳ್ಳುವಿಕೆಗೆ ಏನಾದರೊಂದು ಗಟ್ಟಿ ವಸ್ತು ನಿಜವಾಗಿಯೂ ಅಲ್ಲಿರಬೇಕು. ಬೆಳಕನ್ನು ಲೆಕ್ಕ ಹಾಕಿ ಸೃಷ್ಟಿಸಬಹುದು, ಆಸರೆಯನ್ನು ಹಾಗೆ ಸೃಷ್ಟಿಸುವ ವಿದ್ಯೆ ಇನ್ನೂ ಬಂದಿಲ್ಲ. ಆದ್ದರಿಂದ ವಿಆರ್ ಲೋಕದ ಕುರ್ಚಿ ಎಷ್ಟೇ ಅಂದವಾಗಿರಲಿ, ಮೈಮರೆತು ಅದರ ಮೇಲೆ ಕೂರಲು ಹೋದವರು ನೇರವಾಗಿ ನೆಲಕ್ಕೆ ಬೀಳುತ್ತಾರೆ.